ಮಡಿ ಕಟ್ಟಿದ ಸ್ಕ್ರೀನ್: ಟ್ಯಾಲಿ, ಇ-ವೇ ಬಿಲ್, ವಾಟ್ಸ್‌ಆ್ಯಪ್ ಒಟ್ಟಿಗೆ ಕಾಣುವಂತೆ ಕಂಪ್ಯೂಟರ್ ಹೊಂದಿಸುವುದು ಹೇಗೆ

ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸುಗ್ಗಿ ಟೈಮಿನಲ್ಲಿ ಗೇಟಿನ ಮುಂದೆ ಲಾರಿಗಳ ಸಾಲು. ಪ್ರತಿ ಲೋಡಿಗೂ ನನ್ನ ಕೆಲಸ ಒಂದೇ ಥರ. ಡ್ರೈವರ್ ವಾಟ್ಸ್‌ಆ್ಯಪ್‌ನಲ್ಲಿ ಲಾರಿ ನಂಬರ್ ಕಳಿಸುತ್ತಾರೆ. ನಾನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬಿಲ್ ಮಾಡುತ್ತೇನೆ. ಆಮೇಲೆ ಇ-ವೇ ಬಿಲ್, ಅಂದರೆ ಸರಕಿನ ಲಾರಿ ಜೊತೆ ಇರಬೇಕಾದ ಜಿಎಸ್‌ಟಿ ಕಾಗದ, ಅದರ ಸರ್ಕಾರಿ ಪೋರ್ಟಲ್‌ನಲ್ಲಿ ಅದನ್ನೇ ಮತ್ತೊಮ್ಮೆ ತುಂಬುತ್ತೇನೆ. ಮೂರು ವಿಂಡೋ, ಒಂದೇ ಸ್ಕ್ರೀನ್. ಒಂದನ್ನು ತೆರೆದರೆ ಇನ್ನೊಂದು ಮುಚ್ಚಿಹೋಗುತ್ತದೆ. ಹಾಗಾಗಿ ನಂಬರ್ ನೋಡುವುದು, ಬಾಯಲ್ಲಿ ಗುಣುಗುತ್ತಾ ವಿಂಡೋ ಬದಲಿಸುವುದು, ಮರೆಯುವುದರೊಳಗೆ ಟೈಪ್ ಮಾಡುವುದು.

ಒಂದು ದಿನ ಸಿಂಧನೂರಿನ ಲಾರಿ ಬಂದಿತ್ತು. ಅದರ ನಂಬರ್ ಕೆಎ 36. ನಮ್ಮ ಜಿಲ್ಲೆಯದು ಕೆಎ 37. ದಿನಾ 37 ಹೊಡೆದು ಹೊಡೆದು ಬೆರಳಿಗೆ ರೂಢಿಯಾಗಿತ್ತು. ಪೋರ್ಟಲ್‌ನಲ್ಲೂ 37 ಅಂತಲೇ ಬಿತ್ತು. ಪುಣ್ಯಕ್ಕೆ ಗೇಟಿನಲ್ಲೇ ಡ್ರೈವರ್ ಕಾಗದ ನೋಡಿ “ಇದು ನನ್ ಗಾಡಿ ನಂಬರ್ ಅಲ್ರೀ” ಅಂದರು. ಲೋಡ್ ಹೊರಟಿರಲಿಲ್ಲ, ಇ-ವೇ ಬಿಲ್ಲಿನಲ್ಲಿ ಗಾಡಿ ವಿವರ ತುಂಬುವ ಪಾರ್ಟ್ ಬಿಯಲ್ಲಿ ನಂಬರ್ ಬದಲಿಸಿ ಕೊಟ್ಟೆ. ಆದರೆ ಸಾವ್ಕಾರ್ರು ಅಲ್ಲೇ ನಿಂತಿದ್ದರು. “ಏನಪಾ, ಎದುರಿಗೆ ಇರೋ ನಂಬರ್ ನೋಡಿ ಬರಿಯಾಕ ಬರಂಗಿಲ್ಲೇನು?” ಅಂದರು.

ನಂಬರ್ ಎದುರಿಗೆ ಇರಲಿಲ್ಲ, ಅದೇ ತೊಂದರೆ. ಅವತ್ತು ರಾತ್ರಿ ಕೂತು ಸ್ಕ್ರೀನನ್ನು ಭಾಗ ಮಾಡಿದೆ. ನಮ್ಮ ಕಡೆ ಗದ್ದೆಗೆ ಬದು ಹಾಕಿ ಮಡಿ ಮಾಡುತ್ತಾರಲ್ಲ, ಹಾಗೆ. ಒಂದು ಮಡಿಯ ನೀರು ಇನ್ನೊಂದಕ್ಕೆ ನುಗ್ಗಬಾರದು, ನಡುವೆ ಜಾಗವೂ ಹಾಳಾಗಬಾರದು. ಇಂಗ್ಲಿಷಿನವರು ಇದಕ್ಕೆ ಟೈಲಿಂಗ್ ಅನ್ನುತ್ತಾರೆ. ನೆಲಕ್ಕೆ ಶಹಾಬಾದ್ ಪರ್ಸಿ ಕಲ್ಲು ಹಾಸಿದ ಹಾಗೆ, ಒಂದರ ಮೇಲೆ ಒಂದು ಏರುವಂತಿಲ್ಲ. ನಾನು ಬಳಸುವುದು ವಿಂಡೋಸ್ 11. ಆದ್ದರಿಂದ ಹೆಚ್ಚಿನದು ಅದರ ಬಗ್ಗೆಯೇ ಹೇಳುತ್ತೇನೆ. ಕೊನೆಗೆ, ವಿಂಡೋಸ್ ಬದಲು ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಲಿನಕ್ಸ್ ಬಗ್ಗೆಯೂ ಒಂದಿಷ್ಟು ಇದೆ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಈ ಭಾಗವನ್ನು ಬಿಟ್ಟು ಮುಂದೆ ಓಡಬೇಡಿ. ನಾನು ಮೊದಲ ಸಲ ಸ್ಕ್ರೀನನ್ನು ಆರು ತುಂಡು ಮಾಡಿದ್ದೆ. ನೋಡಲು ಚೆಂದ ಇತ್ತು, ಕೆಲಸಕ್ಕೆ ಬರಲಿಲ್ಲ. ಒಂದು ಅಕ್ಷರವೂ ಓದಲು ಆಗುತ್ತಿರಲಿಲ್ಲ.

ಒಂದು ಹಾಳೆ ತೆಗೆದುಕೊಳ್ಳಿ. ಒಂದು ಇಡೀ ದಿನ ಯಾವ ವಿಂಡೋದಿಂದ ಯಾವುದಕ್ಕೆ ಹಾರುತ್ತೀರಿ ಅಂತ ಗೆರೆ ಹಾಕುತ್ತಾ ಹೋಗಿ. ಸಂಜೆ ಹೊತ್ತಿಗೆ ಜೋಡಿಗಳು ತಾವೇ ಕಾಣುತ್ತವೆ. ನನಗೆ ಟ್ಯಾಲಿ ಮತ್ತು ಇ-ವೇ ಬಿಲ್ ನಡುವೆ ಎಲ್ಲಕ್ಕಿಂತ ಜಾಸ್ತಿ ಗೆರೆ ಬಿದ್ದಿದ್ದವು. ಅದರ ನಂತರ ವಾಟ್ಸ್‌ಆ್ಯಪ್. ಇಮೇಲ್‌ಗೆ ದಿನಕ್ಕೆ ಮೂರೇ ಗೆರೆ. ಅಂದರೆ ಇಮೇಲ್‌ಗೆ ಮಡಿ ಬೇಡ, ಅದು ಬೇರೆಲ್ಲಾದರೂ ಇರಲಿ.

ಇನ್ನೊಂದು ಪ್ರಶ್ನೆ: ಯಾವುದರಲ್ಲಿ ಬರೆಯುತ್ತೀರಿ, ಯಾವುದನ್ನು ಬರೀ ನೋಡುತ್ತೀರಿ? ಬರೆಯುವುದಕ್ಕೆ ದೊಡ್ಡ ಜಾಗ, ನೋಡುವುದಕ್ಕೆ ಸಣ್ಣದು ಸಾಕು. ನನ್ನ ಹತ್ತಿರ ಚೀಲಗಳ ಒಂದು ಎಕ್ಸೆಲ್ ಪಟ್ಟಿ ಇದೆ. 2022ರ ಜುಲೈ 18ರಿಂದ ಲೇಬಲ್ ಹಚ್ಚಿದ 25 ಕೆಜಿ ವರೆಗಿನ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಾರುಕಟ್ಟೆಯಲ್ಲಿ 26 ಕೆಜಿ ಚೀಲ ಹುಟ್ಟಿದ್ದೇ ಹಾಗೆ. ಒಂದೇ ಲೋಡಿನಲ್ಲಿ ಎರಡೂ ಇರುತ್ತವೆ. ಬಿಲ್ ಮಾಡುವಾಗ ಆ ಪಟ್ಟಿ ಕಣ್ಣಿಗೆ ಬೀಳುತ್ತಿರಬೇಕು, ಆದರೆ ಅದರಲ್ಲಿ ನಾನು ಏನೂ ಬರೆಯುವುದಿಲ್ಲ. ಒಂದು ಮೂಲೆ ಸಾಕು.

ಈಗ ಸ್ಕ್ರೀನ್ ಎಷ್ಟು ದೊಡ್ಡದು ಅಂತ ನೋಡಿ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ತೆರೆಯಿರಿ. ಅಲ್ಲಿ ‘ರೆಸಲ್ಯೂಶನ್’ ಮತ್ತು ‘ಸ್ಕೇಲ್’ ಅಂತ ಎರಡು ಸಾಲು ಇರುತ್ತವೆ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ರೆಸಲ್ಯೂಶನ್ 1366×768 ಇರುವುದು ಸಾಮಾನ್ಯ, ಅಂದರೆ ಅಗಲಕ್ಕೆ 1366, ಎತ್ತರಕ್ಕೆ 768 ಚುಕ್ಕೆ (ಪಿಕ್ಸೆಲ್). ಅದನ್ನು ಅರ್ಧ ಮಾಡಿದರೆ ಒಂದು ಕಡೆಗೆ ಸಿಗುವುದು 683 ಪಿಕ್ಸೆಲ್. ಅಂಥ ಸ್ಕ್ರೀನಿನಲ್ಲಿ ಎರಡಕ್ಕಿಂತ ಜಾಸ್ತಿ ವಿಂಡೋ ಇಡಲು ಹೋಗಬೇಡಿ. 1920×1080 ಇದ್ದರೆ ಮೂರು ಆರಾಮಾಗಿ ಕೂರುತ್ತವೆ.

ಸ್ಕೇಲ್‌ನಲ್ಲಿ ಒಂದು ಮರ್ಮ ಇದೆ. 1920 ಅಗಲದ ಸ್ಕ್ರೀನಿಗೆ 125% ಸ್ಕೇಲ್ ಹಾಕಿದರೆ ಅಕ್ಷರ ದಪ್ಪ ಕಾಣುತ್ತವೆ, ನಿಜ. ಆದರೆ ವಿಂಡೋಸ್ ಲೆಕ್ಕದಲ್ಲಿ ಅಗಲ 1536ಕ್ಕೆ ಇಳಿಯುತ್ತದೆ. ಮೂರು ವಿಂಡೋ ಕಂಬದ ಥರ ಅಕ್ಕಪಕ್ಕ ನಿಲ್ಲುವ ಹೊಂದಿಕೆಯನ್ನು ವಿಂಡೋಸ್ ಅಗಲ ಸ್ಕ್ರೀನಿಗೆ ಮಾತ್ರ ತೋರಿಸುತ್ತದೆ. “ನಿನ್ನ ಸ್ಕ್ರೀನಿನಲ್ಲಿ ಬರುತ್ತೆ, ನನ್ನದರಲ್ಲಿ ಯಾಕೆ ಬರಲ್ಲ” ಅಂತ ಪಕ್ಕದ ಮಿಲ್ಲಿನ ಗುಮಾಸ್ತರು ಕೇಳಿದಾಗ ಕಾರಣ ಇದೇ ಆಗಿತ್ತು. 100%ಗೆ ಇಳಿಸಿದ ಕೂಡಲೇ ಬಂತು. ಕಣ್ಣಿಗೆ ಕಷ್ಟ ಆದರೆ ಮಾತ್ರ ಇಳಿಸಬೇಡಿ. ಮೂರನೇ ವಿಂಡೋಗಿಂತ ಕಣ್ಣು ಮುಖ್ಯ.

ವಿಂಡೋಸ್ ಜೊತೆಗೇ ಬಂದಿರುವುದು

ಸುಮಾರು ಜನಕ್ಕೆ ಇಷ್ಟೇ ಸಾಕು. ಇದನ್ನು ಒಂದು ವಾರ ಬಳಸಿ, ಸಾಲದಿದ್ದರೆ ಮಾತ್ರ ಮುಂದಕ್ಕೆ ಹೋಗಿ.

‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’, ಅದರಲ್ಲಿ ‘ಮಲ್ಟಿಟಾಸ್ಕಿಂಗ್’ ತೆರೆಯಿರಿ. ಮೇಲೆ ‘ಸ್ನ್ಯಾಪ್ ವಿಂಡೋಸ್’ ಅಂತ ಸ್ವಿಚ್ ಇರುತ್ತದೆ, ಅದು ಆನ್ ಇರಲಿ. ಈಗ ಯಾವುದಾದರೂ ವಿಂಡೋ ಮೇಲೆ ಕ್ಲಿಕ್ ಮಾಡಿ, ವಿಂಡೋಸ್ ಕೀ ಒತ್ತಿಹಿಡಿದು ಎಡ ಬಾಣ ಒತ್ತಿ. ವಿಂಡೋ ಎಡ ಅರ್ಧಕ್ಕೆ ಹೋಗಿ ಕೂರುತ್ತದೆ. ಬಲ ಅರ್ಧದಲ್ಲಿ ಉಳಿದ ವಿಂಡೋಗಳ ಸಣ್ಣ ಚಿತ್ರಗಳು ಬರುತ್ತವೆ, ಬೇಕಾದದ್ದನ್ನು ಒತ್ತಿದರೆ ಅದು ಬಲಕ್ಕೆ ತುಂಬಿಕೊಳ್ಳುತ್ತದೆ. ಎಡಕ್ಕೆ ಕೂತಿರುವ ವಿಂಡೋಗೆ ವಿಂಡೋಸ್ ಜೊತೆ ಮೇಲಿನ ಬಾಣ ಒತ್ತಿದರೆ ಮೇಲಿನ ಕಾಲು ಭಾಗಕ್ಕೆ ಹೋಗುತ್ತದೆ, ಕೆಳಗಿನ ಬಾಣಕ್ಕೆ ಕೆಳಗಿನ ಕಾಲು. ಅಡ್ಡವಾಗಿ ಮೇಲೊಂದು ಕೆಳಗೊಂದು ಬೇಕಿದ್ದರೆ ವಿಂಡೋಸ್, ಆಲ್ಟ್ ಎರಡನ್ನೂ ಹಿಡಿದು ಮೇಲಿನ ಅಥವಾ ಕೆಳಗಿನ ಬಾಣ.

ಎರಡರ ನಡುವಿನ ಗೆರೆ ಮೇಲೆ ಮೌಸ್ ಒಯ್ದರೆ ಎರಡು ಮೂತಿಯ ಬಾಣ ಬರುತ್ತದೆ. ಹಿಡಿದು ಎಳೆಯಿರಿ. ಒಂದು ಹಿಗ್ಗಿದರೆ ಇನ್ನೊಂದು ಕುಗ್ಗುತ್ತದೆ. ನಾನು ಟ್ಯಾಲಿಗೆ ಹತ್ತರಲ್ಲಿ ಆರು ಪಾಲು ಕೊಟ್ಟಿದ್ದೇನೆ. 1920ರಲ್ಲಿ ಅದು 1152 ಪಿಕ್ಸೆಲ್. ಪೋರ್ಟಲ್‌ಗೆ ಉಳಿಯುವುದು 768.

ಇನ್ನೊಂದು ದಾರಿ ವಿಂಡೋಸ್ ಜೊತೆ ಝಡ್. ಅದನ್ನು ಒತ್ತಿದರೆ ವಿಂಡೋದ ಮೇಲಿನ ಬಲ ಮೂಲೆಯಲ್ಲಿ ಹೊಂದಿಕೆಗಳ ಸಣ್ಣ ಪಟ್ಟಿ ಇಳಿಯುತ್ತದೆ. ಪ್ರತಿಯೊಂದಕ್ಕೂ ನಂಬರ್ ಇರುತ್ತದೆ. ಮೊದಲು ಹೊಂದಿಕೆಯ ನಂಬರ್, ಆಮೇಲೆ ಅದರಲ್ಲಿ ಯಾವ ಜಾಗ ಅನ್ನುವ ನಂಬರ್ ಒತ್ತಿದರೆ ಮುಗಿಯಿತು. ದೊಡ್ಡದು ಮಾಡುವ ಚೌಕದ ಗುಂಡಿ ಮೇಲೆ ಮೌಸ್ ನಿಲ್ಲಿಸಿದರೂ ಇದೇ ಪಟ್ಟಿ ಬರುತ್ತದೆ. ಆದರೆ ತಮ್ಮದೇ ಡಿಸೈನಿನ ತಲೆಪಟ್ಟಿ ಇರುವ ಕೆಲವು ಪ್ರೋಗ್ರಾಮ್‌ಗಳಲ್ಲಿ ಬರುವುದಿಲ್ಲ. ಆಗ ಝಡ್ ಕೀಯೇ ಗತಿ.

ಇಲ್ಲಿ ಎಲ್ಲರೂ ಎಡವುವುದು ಬ್ರೌಸರ್‌ನಲ್ಲಿ. ಇ-ವೇ ಬಿಲ್ ಒಂದು ಟ್ಯಾಬ್, ವಾಟ್ಸ್‌ಆ್ಯಪ್ ವೆಬ್ ಇನ್ನೊಂದು ಟ್ಯಾಬ್ ಆಗಿದ್ದರೆ ಎರಡೂ ಒಂದೇ ವಿಂಡೋದಲ್ಲಿವೆ. ಅವನ್ನು ಬೇರೆ ಬೇರೆ ಮಡಿಯಲ್ಲಿ ಇಡಲು ಆಗುವುದಿಲ್ಲ. ಟ್ಯಾಬ್ ಹಿಡಿದು ಕೆಳಗೆ ಎಳೆದು ಬಿಡಿ, ಅದು ಬೇರೆ ವಿಂಡೋ ಆಗುತ್ತದೆ. ಅಥವಾ ಕ್ರೋಮ್‌ನ ಮೂರು ಚುಕ್ಕೆಯ ಮೆನುವಿನಿಂದ ಆ ಪುಟವನ್ನೇ ಆ್ಯಪ್ ಥರ ಇನ್‌ಸ್ಟಾಲ್ ಮಾಡಿ. ಟಾಸ್ಕ್‌ಬಾರ್‌ನಲ್ಲಿ ಅದಕ್ಕೆ ಬೇರೆಯೇ ಐಕಾನ್ ಬರುತ್ತದೆ. ಮೇಲೆ ಅಡ್ರೆಸ್ ಪಟ್ಟಿ ಇರುವುದಿಲ್ಲವಾದ್ದರಿಂದ ಒಂದಿಷ್ಟು ಜಾಗವೂ ಉಳಿಯುತ್ತದೆ. ಪೋರ್ಟಲ್ ಇಕ್ಕಟ್ಟಾದರೆ ಕಂಟ್ರೋಲ್ ಜೊತೆ ಮೈನಸ್ ಒತ್ತಿ 80 ಅಥವಾ 75%ಗೆ ಇಳಿಸಿ. ಕ್ರೋಮ್ ಆ ಸೈಟಿನ ಅಳತೆಯನ್ನು ನೆನಪಿಟ್ಟುಕೊಳ್ಳುತ್ತದೆ, ದಿನಾ ಮಾಡಬೇಕಿಲ್ಲ.

ಒಂದು ತಮಾಷೆ. 1985ರ ನವೆಂಬರ್‌ನಲ್ಲಿ ಬಂದ ಮೊಟ್ಟಮೊದಲ ವಿಂಡೋಸ್‌ನಲ್ಲಿ ಪ್ರೋಗ್ರಾಮ್‌ಗಳ ವಿಂಡೋಗಳು ಒಂದರ ಮೇಲೊಂದು ಏರುತ್ತಲೇ ಇರಲಿಲ್ಲ, ಅಕ್ಕಪಕ್ಕವೇ ಕೂರುತ್ತಿದ್ದವು. ಏರುವ ಸೌಲಭ್ಯ ಬಂದದ್ದು 1987ರ ಎರಡನೇ ಆವೃತ್ತಿಯಲ್ಲಿ. ಆಗ ಅದೇ ದೊಡ್ಡ ಸುಧಾರಣೆ. ನಾವೀಗ ಕಷ್ಟಪಟ್ಟು ಮತ್ತೆ ಅಕ್ಕಪಕ್ಕ ಕೂರಿಸುತ್ತಿದ್ದೇವೆ, ನೋಡಿ.

ನಮ್ಮದೇ ಅಳತೆಯ ಬದು: ಪವರ್‌ಟಾಯ್ಸ್

ವಿಂಡೋಸ್ ಕೊಡುವ ಹೊಂದಿಕೆಗಳು ಸಿದ್ಧ ಉಡುಪಿನ ಥರ. ನನಗೆ ಬೇಕಿದ್ದದ್ದು ಎಡಕ್ಕೆ ಟ್ಯಾಲಿ, ಬಲಕ್ಕೆ ಮೇಲೆ ಪೋರ್ಟಲ್, ಅದರ ಕೆಳಗೆ ವಾಟ್ಸ್‌ಆ್ಯಪ್. ಪೋರ್ಟಲ್‌ಗೆ ಉದ್ದ ಜಾಸ್ತಿ, ವಾಟ್ಸ್‌ಆ್ಯಪ್‌ಗೆ ಕಡಿಮೆ. ಆ ಅಳತೆ ಪಟ್ಟಿಯಲ್ಲಿ ಇರಲಿಲ್ಲ. ಎಳೆದು ಮಾಡಬಹುದು, ಆದರೆ ದಿನಾ ಬೆಳಿಗ್ಗೆ ಎಳೆಯಬೇಕು.

ಇದಕ್ಕೆ ಪವರ್‌ಟಾಯ್ಸ್ ಇದೆ. ಮೈಕ್ರೋಸಾಫ್ಟ್‌ನದೇ, ಉಚಿತ, ಅದರ ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. 2019ರಲ್ಲಿ ಹೊಸ ರೂಪದಲ್ಲಿ ಬಂತು. ಮೈಕ್ರೋಸಾಫ್ಟ್ ಸ್ಟೋರ್ ತೆರೆದು ಹೆಸರು ಹುಡುಕಿ ಅಲ್ಲಿಂದಲೇ ಹಾಕಿಕೊಳ್ಳಿ. ಎಲ್ಲೆಲ್ಲೋ ಸಿಗುವ ಡೌನ್‌ಲೋಡ್ ಲಿಂಕ್ ಬೇಡ, ಲೆಕ್ಕದ ಕಂಪ್ಯೂಟರ್ ಇದು. ಅದರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಸಾಮಾನು ಇವೆ. ನಮಗೆ ಬೇಕಾದದ್ದು ‘ಫ್ಯಾನ್ಸಿಝೋನ್ಸ್’. ಬೇಡದ್ದನ್ನು ಆಫ್ ಮಾಡಿಡಿ.

ಫ್ಯಾನ್ಸಿಝೋನ್ಸ್ ಆನ್ ಮಾಡಿ, ವಿಂಡೋಸ್ ಮತ್ತು ಶಿಫ್ಟ್ ಹಿಡಿದು 1ರ ಎಡಕ್ಕೆ, ಎಸ್ಕೇಪ್ ಕೆಳಗೆ ಇರುವ ಕೀ ಒತ್ತಿ. ಎಡಿಟರ್ ತೆರೆಯುತ್ತದೆ. ಸಿದ್ಧ ಮಾದರಿಗಳನ್ನು ಬಿಟ್ಟು ‘ಕ್ರಿಯೇಟ್ ನ್ಯೂ ಲೇಔಟ್’ ಒತ್ತಿ. ‘ಗ್ರಿಡ್’ ಆರಿಸಿ. ‘ಕ್ಯಾನ್ವಾಸ್’ ಅನ್ನುವುದರಲ್ಲಿ ಜಾಗಗಳು ಒಂದರ ಮೇಲೊಂದು ಏರಬಹುದು. ಅದು ನಮಗೆ ಬೇಡ, ಮತ್ತೆ ಹಳೇ ಗೋಳು. ಹೆಸರು ಕೊಡಿ. ನಾನು ‘ಲೋಡ್’ ಅಂತ ಇಟ್ಟಿದ್ದೇನೆ.

ಈಗ ಸ್ಕ್ರೀನ್ ತುಂಬ ಬಣ್ಣದ ಚೌಕಗಳು ಬರುತ್ತವೆ. ಮೌಸ್ ಆಡಿಸಿದರೆ ಒಂದು ಗೆರೆ ಜೊತೆಗೇ ಓಡಾಡುತ್ತದೆ. ಕ್ಲಿಕ್ ಮಾಡಿದಲ್ಲಿ ಬದು ಬೀಳುತ್ತದೆ. ಶಿಫ್ಟ್ ಒತ್ತಿಹಿಡಿದರೆ ಗೆರೆ ಅಡ್ಡದಿಂದ ಉದ್ದಕ್ಕೆ, ಉದ್ದದಿಂದ ಅಡ್ಡಕ್ಕೆ ತಿರುಗುತ್ತದೆ. ಎರಡು ಚೌಕ ಒಂದಾಗಬೇಕಾದರೆ ಮೌಸ್ ಒತ್ತಿ ಎರಡರ ಮೇಲೂ ಎಳೆಯಿರಿ, ‘ಮರ್ಜ್’ ಗುಂಡಿ ಬರುತ್ತದೆ. ಮೊದಲು ಎಲ್ಲವನ್ನೂ ಒಂದು ಮಾಡಿ ಬಯಲು ಮಾಡಿಕೊಳ್ಳಿ. ಆಮೇಲೆ ಉದ್ದಕ್ಕೆ ಒಂದು ಬದು, ಬಲ ಭಾಗದಲ್ಲಿ ಅಡ್ಡಕ್ಕೆ ಒಂದು ಬದು. ಅಷ್ಟೇ. ಬದುವಿನ ಮೇಲಿನ ಗುಂಡಿ ಹಿಡಿದು ಎಳೆದರೆ ಅಳತೆ ಬದಲಾಗುತ್ತದೆ. ‘ಸೇವ್’ ಕೊಟ್ಟು ಹೊರಗೆ ಬನ್ನಿ.

ಮಡಿಗಳ ನಡುವೆ 16 ಪಿಕ್ಸೆಲ್ ಖಾಲಿ ಜಾಗ ಮೊದಲೇ ಇಟ್ಟಿರುತ್ತಾರೆ. ದೊಡ್ಡ ಸ್ಕ್ರೀನಿಗೆ ಚೆಂದ. ನಮ್ಮಂಥ ಸಾಧಾರಣ ಮಾನಿಟರ್‌ಗೆ ಅದು ದುಂದು. ಲೇಔಟ್‌ನ ಪೆನ್ಸಿಲ್ ಗುರುತು ಒತ್ತಿ ಅದನ್ನು 2 ಅಥವಾ 3ಕ್ಕೆ ಇಳಿಸಿ. ಅಲ್ಲೇ ಲೇಔಟ್‌ಗೆ 0ರಿಂದ 9ರವರೆಗೆ ಒಂದು ಅಂಕಿಯನ್ನೂ ಕೊಡಬಹುದು. ಆಮೇಲೆ ವಿಂಡೋಸ್, ಕಂಟ್ರೋಲ್, ಆಲ್ಟ್ ಮೂರನ್ನೂ ಹಿಡಿದು ಆ ಅಂಕಿ ಒತ್ತಿದರೆ ಇಡೀ ಸ್ಕ್ರೀನಿನ ಹೊಂದಿಕೆ ಬದಲಾಗುತ್ತದೆ. ನನಗೆ 1 ಅಂದರೆ ಲೋಡ್, 2 ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್.

ಬಳಸುವುದು ಹೀಗೆ: ವಿಂಡೋದ ತಲೆ ಹಿಡಿದು ಎಳೆಯಲು ಶುರು ಮಾಡಿ, ನಡುವೆ ಶಿಫ್ಟ್ ಒತ್ತಿ. ಮಡಿಗಳು ಕಾಣುತ್ತವೆ. ಬೇಕಾದಲ್ಲಿ ಬಿಡಿ. ಎರಡು ಮಡಿ ಒಟ್ಟಿಗೆ ಬೇಕಿದ್ದರೆ ಕಂಟ್ರೋಲ್ ಕೂಡ ಒತ್ತಿಹಿಡಿಯಿರಿ. ಒಂದೇ ಮಡಿಯಲ್ಲಿ ಎರಡು ವಿಂಡೋ ಇಟ್ಟರೂ ನಡೆಯುತ್ತದೆ. ನಾನು ಚೀಲದ ಎಕ್ಸೆಲ್ ಪಟ್ಟಿಯನ್ನು ವಾಟ್ಸ್‌ಆ್ಯಪ್ ಮಡಿಯಲ್ಲೇ ಇಟ್ಟಿದ್ದೇನೆ. ವಿಂಡೋಸ್ ಜೊತೆ ಪೇಜ್ ಅಪ್, ಪೇಜ್ ಡೌನ್ ಒತ್ತಿದರೆ ಆ ಮಡಿಯ ವಿಂಡೋಗಳು ಮಾತ್ರ ಒಂದಾದ ಮೇಲೊಂದು ಬರುತ್ತವೆ, ಟ್ಯಾಲಿ ಅಲುಗಾಡುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಎರಡನ್ನು ಬದಲಿಸಿದರೆ ಒಳ್ಳೆಯದು. ‘ಓವರ್‌ರೈಡ್ ವಿಂಡೋಸ್ ಸ್ನ್ಯಾಪ್’ ಆನ್ ಮಾಡಿದರೆ ವಿಂಡೋಸ್ ಜೊತೆಗಿನ ಬಾಣದ ಕೀಗಳು ನಿಮ್ಮ ಮಡಿಗಳಿಗೇ ಕರೆದೊಯ್ಯುತ್ತವೆ. ಇನ್ನೊಂದು, ಹೊಸದಾಗಿ ತೆರೆದ ವಿಂಡೋ ಹೋದ ಸಲ ಇದ್ದ ಮಡಿಗೇ ಹೋಗಲಿ ಅನ್ನುವ ಆಯ್ಕೆ. ಇವೆರಡೂ ಇದ್ದರೆ ಮೌಸ್ ಕೆಲಸ ಅರ್ಧ ಕಡಿಮೆ.

ಟ್ಯಾಲಿ ಮಾತ್ರ ಯಾಕೆ ಬರಲ್ಲ?

ನನ್ನ ತಲೆ ಕೆಡಿಸಿದ್ದು ಇದು. ಎಲ್ಲಾ ವಿಂಡೋ ಮಡಿಗೆ ಹೋಗುತ್ತಿದ್ದವು, ಟ್ಯಾಲಿ ಮಾತ್ರ ಶಿಫ್ಟ್ ಹಿಡಿದರೂ ಕೇಳುತ್ತಿರಲಿಲ್ಲ. ಎರಡು ಸಲ ಪವರ್‌ಟಾಯ್ಸ್ ತೆಗೆದು ಮತ್ತೆ ಹಾಕಿದೆ, ಸುಮ್ನೆ.

ಕಾರಣ ಬೇರೆ ಇತ್ತು. ನಮ್ಮ ಕಂಪ್ಯೂಟರ್‌ನಲ್ಲಿ ಟ್ಯಾಲಿಯನ್ನು ಯಾರೋ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತ ಇಟ್ಟಿದ್ದರು. ಸುಮಾರು ಆಫೀಸುಗಳಲ್ಲಿ ಹಾಗೇ ಇರುತ್ತದೆ. ಅಡ್ಮಿನ್ ಅಧಿಕಾರದಲ್ಲಿ ಓಡುವ ಪ್ರೋಗ್ರಾಮನ್ನು ಸಾಧಾರಣ ಅಧಿಕಾರದ ಪ್ರೋಗ್ರಾಮ್ ಮುಟ್ಟುವಂತಿಲ್ಲ. ಅದು ವಿಂಡೋಸ್‌ನ ಭದ್ರತೆಯ ನಿಯಮ. ಎರಡು ದಾರಿ ಇವೆ. ಪವರ್‌ಟಾಯ್ಸ್‌ನ ‘ಜನರಲ್’ ಪುಟದಲ್ಲಿ ಅದನ್ನೂ ಅಡ್ಮಿನ್ ಆಗಿ ಓಡಿಸಬಹುದು. ಇಲ್ಲವಾದರೆ ಟ್ಯಾಲಿಗೆ ಅಡ್ಮಿನ್ ನಿಜವಾಗಿಯೂ ಬೇಕಾ ಅಂತ ಅದನ್ನು ಹಾಕಿಕೊಟ್ಟವರನ್ನು ಕೇಳಿ, ಬೇಡದಿದ್ದರೆ ತೆಗೆಸಿ. ನನಗೆ ಎರಡನೆಯದೇ ಸರಿ ಅನಿಸಿತು. ಬೇಡದ ಕೈಗೆ ಬೀಗದ ಕೈ ಯಾಕೆ ಕೊಡಬೇಕು, ಅಲ್ವಾ?

ಇನ್ನು ಕೆಲವು ವಿಂಡೋಗಳಿಗೆ ಇಂತಿಷ್ಟಕ್ಕಿಂತ ಕುಗ್ಗುವುದಿಲ್ಲ ಅನ್ನುವ ಹಟ ಇರುತ್ತದೆ. ಅವು ಮಡಿ ದಾಟಿ ಆಚೆ ಚಾಚಿಕೊಳ್ಳುತ್ತವೆ. ಅವಕ್ಕೆ ಅಗಲದ ಮಡಿ ಕೊಡಿ, ಬೇರೆ ಉಪಾಯ ಇಲ್ಲ. ಕ್ಯಾಲ್ಕ್ಯುಲೇಟರ್‌ಗಂತೂ ಮಡಿಯೇ ಬೇಡ. ಅದನ್ನು ತೆರೆದು ವಿಂಡೋಸ್, ಕಂಟ್ರೋಲ್ ಜೊತೆ ಟಿ ಒತ್ತಿ. ಸುತ್ತ ಬಣ್ಣದ ಅಂಚು ಬಂದು ಎಲ್ಲದರ ಮೇಲೆ ನಿಲ್ಲುತ್ತದೆ. ಇದೂ ಪವರ್‌ಟಾಯ್ಸ್‌ದೇ ಸೌಲಭ್ಯ.

ಉಳಿದ ಕೆಲಸಕ್ಕೆ ಬೇರೆ ಮೇಜು

ಇಮೇಲ್, ಬ್ಯಾಂಕ್ ಸೈಟು, ರಿಟರ್ನ್ ಕೆಲಸ ಎಲ್ಲಿಡುವುದು? ವಿಂಡೋಸ್, ಕಂಟ್ರೋಲ್ ಹಿಡಿದು ಡಿ ಒತ್ತಿ. ಹೊಸ ಖಾಲಿ ಡೆಸ್ಕ್‌ಟಾಪ್ ಬರುತ್ತದೆ. ವಿಂಡೋಸ್, ಕಂಟ್ರೋಲ್ ಜೊತೆ ಎಡ ಬಲ ಬಾಣಗಳಲ್ಲಿ ಅತ್ತಿತ್ತ ಹೋಗಬಹುದು. ವಿಂಡೋಸ್ ಜೊತೆ ಟ್ಯಾಬ್ ಒತ್ತಿದರೆ ಎಲ್ಲಾ ಒಟ್ಟಿಗೆ ಕಾಣುತ್ತವೆ, ಒಂದರಿಂದ ಇನ್ನೊಂದಕ್ಕೆ ವಿಂಡೋ ಎಳೆದು ಹಾಕಬಹುದು. ಎರಡು ಸಾಕು. ನಾಲ್ಕು ಮಾಡಿಕೊಂಡರೆ ಯಾವುದು ಎಲ್ಲಿದೆ ಅಂತ ಹುಡುಕುವುದೇ ಹೊಸ ಕೆಲಸ ಆಗುತ್ತದೆ.

ಕರೆಂಟ್ ಹೋದ ಮೇಲೆ

ಇಷ್ಟೆಲ್ಲ ಕಟ್ಟಿದ ಮೇಲೆ ಕರೆಂಟ್ ಹೋಗುತ್ತದೆ. ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ, ಆಮೇಲೆ ಕಂಪ್ಯೂಟರ್ ಆಫ್. ಮತ್ತೆ ಆನ್ ಮಾಡಿದಾಗ ಒಂದೂ ವಿಂಡೋ ಇರುವುದಿಲ್ಲ. ಇದಕ್ಕೆ ಪವರ್‌ಟಾಯ್ಸ್‌ನಲ್ಲಿ ‘ವರ್ಕ್‌ಸ್ಪೇಸಸ್’ ಇದೆ, 2024ರಲ್ಲಿ ಸೇರಿಸಿದರು. ನನ್ನ ಲೆಕ್ಕದಲ್ಲಿ ಇಡೀ ಪವರ್‌ಟಾಯ್ಸ್‌ನಲ್ಲಿ ನಮ್ಮ ಊರಿಗೆ ಅತಿ ಉಪಯೋಗ ಇದೇ.

ಎಲ್ಲಾ ವಿಂಡೋಗಳನ್ನು ಅವುಗಳ ಮಡಿಯಲ್ಲಿ ಕೂರಿಸಿ. ವಿಂಡೋಸ್, ಕಂಟ್ರೋಲ್ ಹಿಡಿದು ಎಸ್ಕೇಪ್ ಕೆಳಗಿನ ಕೀ ಒತ್ತಿ. ‘ಕ್ರಿಯೇಟ್ ವರ್ಕ್‌ಸ್ಪೇಸ್’, ಆಮೇಲೆ ‘ಕ್ಯಾಪ್ಚರ್’. ಯಾವ ಪ್ರೋಗ್ರಾಮ್ ಎಲ್ಲಿತ್ತು ಅಂತ ಅದು ಬರೆದಿಟ್ಟುಕೊಳ್ಳುತ್ತದೆ. ಬೇಡದ್ದನ್ನು ತೆಗೆಯಿರಿ. ಬ್ರೌಸರ್‌ಗೆ ‘ಸಿಎಲ್‌ಐ ಆರ್ಗ್ಯುಮೆಂಟ್ಸ್’ ಅನ್ನುವ ಪೆಟ್ಟಿಗೆ ಇದೆ. ಅಲ್ಲಿ ಪೋರ್ಟಲ್‌ನ ವಿಳಾಸ ಹಾಕಿ, ಇಲ್ಲದಿದ್ದರೆ ಬರೀ ಖಾಲಿ ಪುಟ ತೆರೆಯುತ್ತದೆ. ಡೆಸ್ಕ್‌ಟಾಪ್ ಶಾರ್ಟ್‌ಕಟ್ ಬೇಕು ಅನ್ನುವುದಕ್ಕೆ ಟಿಕ್ ಹಾಕಿ ಸೇವ್ ಮಾಡಿ. ಮುಂದಿನ ಸಲ ಆ ಐಕಾನ್ ಒತ್ತಿದರೆ ಎಲ್ಲಾ ತಾನೇ ತೆರೆದು ಜಾಗಕ್ಕೆ ಹೋಗುತ್ತವೆ. ಲಾಗಿನ್ ಮಾತ್ರ ನೀವೇ ಆಗಬೇಕು. ಟ್ಯಾಲಿಯಲ್ಲಿ ಕಂಪನಿಯನ್ನೂ ನೀವೇ ತೆರೆಯಬೇಕು.

ಲಿನಕ್ಸ್ ಇದ್ದರೆ

ನನ್ನ ಅಕ್ಕನ ಮಗ ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ನಾನು ಶಿಫ್ಟ್ ಹಿಡಿದು ಎಳೆಯುವುದನ್ನು ನೋಡಿ “ಮಾಮಾ, ಮೌಸ್ ಯಾಕ ಮುಟ್ತೀ?” ಅಂದ. ಅವನದು ಲಿನಕ್ಸ್, ಅದರ ಮೇಲೆ ಐ3. ವಿಂಡೋಗಳನ್ನು ಜೋಡಿಸುವ, 2009ರಿಂದ ಇರುವ ಪ್ರೋಗ್ರಾಮ್. ಅದರಲ್ಲಿ ಎಳೆಯುವ ಮಾತೇ ಇಲ್ಲ. ಹೊಸ ವಿಂಡೋ ತೆರೆದರೆ ಇರುವ ಜಾಗವನ್ನು ತಾನೇ ಪಾಲು ಮಾಡುತ್ತದೆ. ಮೊದಲ ಸಲ ಲಾಗಿನ್ ಆದಾಗ ವಿಂಡೋಸ್ ಕೀ ಬೇಕಾ ಆಲ್ಟ್ ಬೇಕಾ ಅಂತ ಕೇಳುತ್ತದೆ. ಆ ಕೀ ಜೊತೆ ಎಂಟರ್ ಒತ್ತಿದರೆ ಆಜ್ಞೆ ಟೈಪ್ ಮಾಡುವ ಟರ್ಮಿನಲ್, ಡಿ ಒತ್ತಿದರೆ ಪ್ರೋಗ್ರಾಮ್ ಹುಡುಕುವ ಪಟ್ಟಿ, ಅಂಕಿ ಒತ್ತಿದರೆ ಆ ನಂಬರಿನ ಡೆಸ್ಕ್‌ಟಾಪ್. ಶಿಫ್ಟ್ ಸೇರಿಸಿ ಅಂಕಿ ಒತ್ತಿದರೆ ಎದುರಿಗಿರುವ ವಿಂಡೋ ಅಲ್ಲಿಗೆ ಹೋಗುತ್ತದೆ. ಉಳಿದದ್ದೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆಯಬೇಕು. ಅಷ್ಟು ತಾಳ್ಮೆ ಇಲ್ಲದವರು ಪಾಪ್ ಓಎಸ್ ಅನ್ನುವ ಲಿನಕ್ಸ್ ಹಾಕಿಕೊಂಡು ವಿಂಡೋಸ್ ಕೀ ಜೊತೆ ವೈ ಒತ್ತಲಿ, ಅಲ್ಲೂ ತಾನೇ ಪಾಲು ಮಾಡುತ್ತದೆ. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ 2023ರಿಂದ ವಿಂಡೋಸ್ ಕೀ ಜೊತೆ ಟಿ ಒತ್ತಿದರೆ ಫ್ಯಾನ್ಸಿಝೋನ್ಸ್ ಥರದ್ದೇ ಎಡಿಟರ್ ಬರುತ್ತದೆ.

ಅವನ ಕೈ ಓಡುವುದು ನೋಡಿ ನನಗೂ ಆಸೆ ಆಯಿತು. ಆದರೆ ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ನನ್ನ ಅನ್ನ ಅಲ್ಲೇ ಇದೆ.

ಮೊದಲ ನಾಲ್ಕೈದು ದಿನ ಕೈ ಹಳೇ ಚಾಳಿಗೆ ಹೋಗುತ್ತದೆ. ಆಲ್ಟ್ ಟ್ಯಾಬ್ ಒತ್ತಿ ಒತ್ತಿ, ಆಮೇಲೆ ವಿಂಡೋ ಪಕ್ಕದಲ್ಲೇ ಇದೆ ಅಂತ ನೆನಪಾಗುತ್ತದೆ. ನಾನು ಮೂರು ಶಾರ್ಟ್‌ಕಟ್‌ಗಳನ್ನು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ದೆ. ಮಿಲ್ಲಿನ ಧೂಳಿಗೆ ಗೋಂದು ಬಿಟ್ಟು ಅದು ವಾರದಲ್ಲೇ ಬಿದ್ದುಹೋಯಿತು. ಅಷ್ಟರಲ್ಲಿ ಬಾಯಿಪಾಠ ಆಗಿತ್ತು. ಮೊನ್ನೆ ಮತ್ತೆ ಕೆಎ 36ರ ಲಾರಿ ಬಂತು. ಕೆಳಗಿನ ಮಡಿಯಲ್ಲಿ ಡ್ರೈವರ್ ಕಳಿಸಿದ ಫೋಟೋ ತೆರೆದಿತ್ತು. ಮೇಲಿನ ಮಡಿಯಲ್ಲಿ ನನ್ನ ಬೆರಳು ರೂಢಿಯ ಮೇಲೆ 37 ಅಂತಲೇ ಹೊಡೆಯಿತು. ಕಣ್ಣು ಕೆಳಗಿಳಿಯಿತು, 7 ಅಳಿಸಿ 6 ಮಾಡಿದೆ.